ಎಳೆಯುವುದು ಬೇರೆ, ಓಡುವುದು ಬೇರೆ

ಬಳ್ಳಾರಿ ಕಡೆ ರೈಲು ಹುಚ್ಚಿನವರು ನಾಲ್ಕು ಜನ ಸೇರಿದರೆ ಮಾತು ಗೂಡ್ಸ್ ಗಾಡಿಗಳ ಕಡೆಗೇ ತಿರುಗುತ್ತದೆ. ನಮ್ಮ ಕಣ್ಣೆದುರು ಹಗಲು ರಾತ್ರಿ ಓಡಾಡುವುದು ಅವೇ ಅಲ್ವಾ. ಸಂಡೂರಿನ ಗುಡ್ಡಗಳಿಂದ ಇಳಿಯುವ ಅದಿರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬರುವ ಕಲ್ಲಿದ್ದಲು, ಅಲ್ಲಿಂದ ಹೊರಡುವ ಉಕ್ಕಿನ ಸುರುಳಿಗಳು. ಕುಡತಿನಿಯ ವಿದ್ಯುತ್ ಸ್ಥಾವರಕ್ಕೂ ಕಲ್ಲಿದ್ದಲು, ಆ ಕಡೆ ರಾಯಚೂರಿನ ಶಕ್ತಿನಗರಕ್ಕೂ ಕಲ್ಲಿದ್ದಲು. ಪ್ಯಾಸೆಂಜರ್ ಗಾಡಿಗಳು ಇವುಗಳ ನಡುವೆ ಸಂದು ನೋಡಿಕೊಂಡು ದಾಟುತ್ತವೆ.

ಹೀಗೆ ಕೂತಾಗ ಬರುವ ಪ್ರಶ್ನೆ ಒಂದೇ. ಗೂಡ್ಸ್ ಎಳೆಯಲು ಯಾವ ಎಂಜಿನ್ ಒಳ್ಳೆಯದು? ಯಾವುದನ್ನು ನಂಬಬಹುದು?

ಗುಂಪಿಗೆ ಹೊಸದಾಗಿ ಸೇರಿದ ಹುಡುಗರು ಹಾರ್ಸ್‌ಪವರ್ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ. ಡೀಸೆಲ್‌ನಲ್ಲಿ ಹಳೇ ಆಲ್ಕೊ, ಅಂದ್ರೆ ಡಬ್ಲ್ಯುಡಿಎಂ-2, ಅದಕ್ಕೆ 2,600. ‘ಶಕ್ತಿ’ ಅಂತ ಕರೆಯುವ ಡಬ್ಲ್ಯುಡಿಜಿ-3ಎಗೆ 3,100. ಎಲ್ಲರ ಬಾಯಲ್ಲೂ ‘ಜಿಎಂ’ (ಜನರಲ್ ಮೋಟಾರ್ಸ್) ಆಗಿಬಿಟ್ಟಿರುವ ಡಬ್ಲ್ಯುಡಿಜಿ-4ಗೆ 4,000, ಅದರಲ್ಲೇ ಆಮೇಲೆ ಬಂದವಕ್ಕೆ 4,500. ಕರೆಂಟ್ ಎಂಜಿನ್‌ಗಳಲ್ಲಿ ವ್ಯಾಗ್-7ಗೆ 5,000. ವ್ಯಾಗ್-9 ಆರು ಸಾವಿರ ದಾಟುತ್ತದೆ. ಮಧೇಪುರದಲ್ಲಿ ಆಗುವ ವ್ಯಾಗ್-12ಗೆ ಪೂರಾ 12,000. ಸಂಖ್ಯೆ ದೊಡ್ಡದಾದಷ್ಟೂ ಎಂಜಿನ್ ದೊಡ್ಡದು, ಅಲ್ಲಿಗೆ ಚರ್ಚೆ ಮುಗಿಯಿತು ಅನ್ನುವುದು ಅವರ ಲೆಕ್ಕ.

ಈ ಲೆಕ್ಕದ ಮೇಲೆ ನನಗೆ ಮೊದಲಿನಿಂದಲೂ ತಕರಾರಿದೆ. ಖಾಲಿ ರೇಕ್, ಅಂದ್ರೆ ವ್ಯಾಗನ್‌ಗಳ ಪೂರಾ ಸಾಲು, ಹಿಂದೆ ಕಟ್ಟಿಕೊಂಡು ಸಮತಟ್ಟು ದಾರಿಯಲ್ಲಿ ಯಾವ ಎಂಜಿನ್ ಆದರೂ ಚೆನ್ನಾಗಿಯೇ ಓಡುತ್ತದೆ. ಗೂಡ್ಸ್ ಎಂಜಿನ್‌ನ ಯೋಗ್ಯತೆ ಗೊತ್ತಾಗಬೇಕಾದರೆ ಅದನ್ನು ತೀರಾ ಕಷ್ಟದ ಹೊತ್ತಲ್ಲಿ ನೋಡಬೇಕು. ತುಂಬಿದ ರೇಕ್ ಏರಿನಲ್ಲಿ ನಿಂತಿದೆ, ಹಳಿ ಒದ್ದೆಯಾಗಿದೆ, ಸಿಗ್ನಲ್ ಈಗ ಬಿತ್ತು. ಆಗ ಅದು ಹೊರಡುತ್ತದಾ? ಅದಕ್ಕೇನಾದರೂ ಆದರೆ ಏನು ಗತಿ? ನನ್ನ ಮಟ್ಟಿಗೆ ಇವೆರಡೇ ಪ್ರಶ್ನೆ.

ಮೊದಲು ಹೊರಡುವ ಮಾತು. ಹಾರ್ಸ್‌ಪವರ್ ಅಂದ್ರೆ ಎಳೆಯುವ ಬಲವನ್ನು ವೇಗದಿಂದ ಗುಣಿಸಿದ್ದು. ನಿಂತ ಗಾಡಿಗೆ ವೇಗವೇ ಇಲ್ಲ. ಹಾಗಾಗಿ ಹೊರಡುವಾಗ ಆ ದೊಡ್ಡ ಸಂಖ್ಯೆಯಿಂದ ಏನೂ ಉಪಯೋಗವಿಲ್ಲ. ಅಲ್ಲಿ ಬೇಕಾಗುವುದು ಬರೀ ಎಳೆತ. ಡಬ್ಲ್ಯುಡಿಜಿ-4 ನಿಂತಲ್ಲಿಂದ ಹೊರಡುವಾಗ ಸುಮಾರು 540 ಕಿಲೋನ್ಯೂಟನ್ ಬಲ ಹಾಕುತ್ತದೆ. ಆರು ಸಾವಿರ ಹಾರ್ಸ್‌ಪವರ್ ದಾಟಿದ ವ್ಯಾಗ್-9 ಮೊದಲು ಬಂದಾಗ ಹಾಕುತ್ತಿದ್ದುದು ಸುಮಾರು 460. ಆಮೇಲೆ ಅದೇ ಎಂಜಿನ್‌ನ ತೂಕವನ್ನು 123 ಟನ್‌ನಿಂದ 135 ಟನ್‌ಗೆ ಏರಿಸಿ ವ್ಯಾಗ್-9ಎಚ್ ಮಾಡಿದರು. ಎಳೆತ 520ರ ಹತ್ತಿರ ಬಂತು. ಹಾರ್ಸ್‌ಪವರ್ ಒಂದಿಷ್ಟೂ ಜಾಸ್ತಿ ಮಾಡದೆ, ಸುಮ್ನೆ ಭಾರ ಹೇರಿ ಎಳೆತ ಹೆಚ್ಚಿಸಿದರು. ಗಾಲಿ ಹಳಿಯನ್ನು ಒತ್ತಿ ಹಿಡಿದಷ್ಟೇ ಎಳೆತ.

ಇದನ್ನು ಹೇಳಿದರೆ ಹುಡುಗರಿಗೆ ನಂಬಿಕೆ ಬರುವುದಿಲ್ಲ. 4,000ದ ಡೀಸೆಲ್ ಎಂಜಿನ್ 6,000ದ ಕರೆಂಟ್ ಎಂಜಿನ್‌ಗಿಂತ ಜಾಸ್ತಿ ಎಳೆಯುತ್ತದಾ ಅಂತ ಕೇಳುತ್ತಾರೆ. ಎಳೆಯುತ್ತದೆ, ಆದರೆ ಸ್ವಲ್ಪ ಹೊತ್ತು ಮಾತ್ರ. ವೇಗ ಏರುತ್ತಾ ಹೋದ ಹಾಗೆ ಡೀಸೆಲ್ ಎಂಜಿನ್ ಬೇಗ ಸೋಲುತ್ತದೆ, ಅದರ ಬಳಿ ಇರುವುದು ಅಷ್ಟೇ ಶಕ್ತಿ. ವ್ಯಾಗ್-9 ತನ್ನ ಎಳೆತವನ್ನು ಇನ್ನೂ ಹೆಚ್ಚಿನ ವೇಗದವರೆಗೆ ಹಿಡಿದುಕೊಂಡು ಹೋಗುತ್ತದೆ. ಬಳ್ಳಾರಿಯಿಂದ ಗುಂತಕಲ್ ಕಡೆ ತುಂಬಿದ ರೇಕ್ ಅರವತ್ತರ ವೇಗದಲ್ಲಿ ಹೋಗುವಾಗ ಹಾರ್ಸ್‌ಪವರ್ ತನ್ನ ಬೆಲೆ ತೋರಿಸುತ್ತದೆ. ಅದಕ್ಕೇ ಎಳೆಯುವುದು ಬೇರೆ, ಓಡುವುದು ಬೇರೆ ಅಂತ ನಾನು ಎಲ್ಲರಿಗೂ ಹೇಳುತ್ತಿರುವುದು.

ಏರಿನ ಲೆಕ್ಕ ಇನ್ನೂ ಚೆನ್ನಾಗಿದೆ. ಕಾಗದ ಪೆನ್ನು ಇದ್ದರೆ ಸಾಕು. ಬಾಕ್ಸ್‌ಎನ್ ಅನ್ನುವ, ಮೇಲೆ ತೆರೆದಿರುವ ವ್ಯಾಗನ್ ತುಂಬಿದರೆ ಒಂದಕ್ಕೆ 81 ಟನ್‌ಗಿಂತ ಸ್ವಲ್ಪ ಜಾಸ್ತಿ. 58 ವ್ಯಾಗನ್ ಅಂದ್ರೆ 4,700 ಟನ್. ನೂರಕ್ಕೆ ಒಂದರ ಏರಿನಲ್ಲಿ ಇದನ್ನು ಹಿಂದಕ್ಕೆ ಜಾರದ ಹಾಗೆ ಹಿಡಿಯಲಿಕ್ಕೇ 47 ಟನ್ ಬಲ ಬೇಕು. ಒಂದು ಡಬ್ಲ್ಯುಡಿಜಿ-4 ಹೊರಡುವಾಗ ಹಾಕುವ ಪೂರ್ತಿ ಬಲ, ಅಂದ್ರೆ ಆ 540 ಕಿಲೋನ್ಯೂಟನ್, 55 ಟನ್ ಇದ್ದೀತು. ಅಂದ್ರೆ ಒಂದೇ ಎಂಜಿನ್‌ಗೆ ಅದು ಕಟ್ಟಕಡೆಯ ಮಿತಿ.

ಈಗ ಅದೇ ರೇಕ್ ಪಶ್ಚಿಮ ಘಟ್ಟಕ್ಕೆ ಬಂತು ಅಂದುಕೊಳ್ಳಿ. ತೋರಣಗಲ್ಲಿಗೆ ಬರುವ ಕಲ್ಲಿದ್ದಲಿನಲ್ಲಿ ಒಂದು ಪಾಲು ಗೋವಾದ ಮರ್ಮಗೋವಾ ಬಂದರಿನಲ್ಲಿ ಇಳಿದು, ಕುಳೆಂನಿಂದ ಕ್ಯಾಸಲ್‌ರಾಕ್‌ಗೆ ಘಟ್ಟ ಹತ್ತಿ ಬರುತ್ತದೆ. ಅಲ್ಲಿನ ಏರು 37ಕ್ಕೆ ಒಂದು. 4,700 ಟನ್ನನ್ನು 37ರಿಂದ ಭಾಗಿಸಿ. 127 ಟನ್ ಬಲ ಬಂತು. ಎಂಜಿನ್‌ಗಳೂ ತಮ್ಮ ತೂಕವನ್ನು ತಾವೇ ಹೊತ್ತು ಹತ್ತಬೇಕು. ಗಾಲಿ ಉರುಳುವಾಗಿನ ತಡೆ, ತಿರುವುಗಳ ತಡೆ ಬೇರೆ. ಹೊರಡುವ ಎಳೆತವನ್ನು ಎಂಜಿನ್ ಗಂಟೆಗಟ್ಟಲೆ ಹಾಕಲಾರದು, ಸತತವಾಗಿ ಹಾಕುವ ಬಲ ಅದಕ್ಕಿಂತ ಕಡಿಮೆ. ಎಲ್ಲ ಕೂಡಿಸಿದರೆ ನಾಲ್ಕೈದು ಡಬ್ಲ್ಯುಡಿಜಿ-4 ಬೇಕೇ ಬೇಕು. ಎಲ್ಲವನ್ನೂ ಮುಂದೆಯೇ ಕಟ್ಟುವ ಹಾಗೂ ಇಲ್ಲ. ಅಷ್ಟು ಬಲ ಒಂದೇ ಕಡೆಯಿಂದ ಬಿದ್ದರೆ ವ್ಯಾಗನ್ ವ್ಯಾಗನ್ ನಡುವಿನ ಕಪ್ಲಿಂಗ್ ಹರಿಯುತ್ತದೆ. ಹಾಗಾಗಿ ಒಂದಿಷ್ಟು ಮುಂದೆ ಎಳೆಯಬೇಕು, ಒಂದಿಷ್ಟು ಹಿಂದೆ ನಿಂತು ತಳ್ಳಬೇಕು. ಹಿಂದೆ ತಳ್ಳುವವನ್ನೇ ಬ್ಯಾಂಕರ್ ಅನ್ನುವುದು.

ಆ ಘಟ್ಟದಲ್ಲಿ ಇರುವುದು ಒಂಟಿ ಹಳಿ. ಕ್ಯಾಸಲ್‌ರಾಕ್–ಕುಳೆಂ ನಡುವೆ ಜೋಡಿ ಹಳಿ ಹಾಕಲು ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ರದ್ದು ಮಾಡಿತು. ಆ ಕಾಡನ್ನು ನೋಡಿದವನಾಗಿ ನನಗೆ ಆ ತೀರ್ಪು ಸರಿ ಅನ್ನಿಸುತ್ತದೆ. ರೈಲನ್ನು ಪ್ರೀತಿಸುವವರೆಲ್ಲ ಜೋಡಿ ಹಳಿ ಕೇಳಲೇಬೇಕು ಅಂತೇನಿಲ್ಲ. ಆದರೆ ಒಂಟಿ ಹಳಿಯಲ್ಲಿ ಒಂದು ಎಂಜಿನ್ ಕೈಕೊಟ್ಟರೆ ಹಿಂದಿನದೂ ನಿಲ್ಲುತ್ತದೆ, ಎದುರಿನದೂ ನಿಲ್ಲುತ್ತದೆ. ನಂಬಿಕೆಯ ಎಂಜಿನ್ ಅನ್ನುವ ಮಾತಿಗೆ ಅಲ್ಲಿ ತೂಕ ಬರುತ್ತದೆ. 1999ರಲ್ಲಿ ಡಬ್ಲ್ಯುಡಿಜಿ-4 ಮೊದಲು ಬಂದಾಗ ಅದಕ್ಕೆ ಮನೆಯಾಗಿದ್ದು ಹುಬ್ಬಳ್ಳಿಯ ಶೆಡ್, ಅಂದ್ರೆ ಎಂಜಿನ್ ನೋಡಿಕೊಳ್ಳುವ, ರಿಪೇರಿ ಮಾಡುವ ಜಾಗ. ಹಿಂದೆ ಈ ಘಟ್ಟ, ಮುಂದೆ ನಮ್ಮ ಅದಿರಿನ ಸೀಮೆ. ಅಂಥ ಎಂಜಿನ್‌ಗೆ ಇದಕ್ಕಿಂತ ಹೊಂದುವ ಜಾಗ ಬೇರೆ ಇರಲಿಕ್ಕಿಲ್ಲ.

ಇನ್ನು ನಮ್ಮೂರಿನ ಧೂಳು. ಇದರ ಬಗ್ಗೆ ಹೊರಗಿನವರು ಬರೆಯುವುದು ಕಡಿಮೆ. ಅದಿರಿನ ಸೈಡಿಂಗ್, ಅಂದ್ರೆ ಅದಿರು ತುಂಬುವ ಕವಲು ಹಳಿ, ಅದರ ಪಕ್ಕದ ಲೆವೆಲ್ ಕ್ರಾಸಿಂಗ್‌ನಲ್ಲಿ ನಿಂತು ಹಳಿಯ ತಲೆ ನೋಡಿದರೆ ನಡುವೆ ಒಂದು ಬೆಳ್ಳಿ ಗೆರೆ ಹೊಳೆಯುತ್ತಿರುತ್ತದೆ. ಅದರ ಎರಡೂ ಬದಿ ಕೆಂಗಂದು ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಬೇಸಿಗೆಯಲ್ಲಿ ಅದರಿಂದ ಅಷ್ಟು ತೊಂದರೆ ಇಲ್ಲ. ಮೊದಲ ಮಳೆಯ ನಾಲ್ಕು ಹನಿ ಬಿದ್ದ ಕೂಡಲೇ ಆ ಪುಡಿ ನುಣುಪಾದ ಕೆಸರಾಗುತ್ತದೆ. ಜೋರು ಮಳೆ ಬಂದರೆ ತೊಳೆದುಹೋಗುತ್ತದೆ. ಅರೆಬರೆ ಮಳೆಯೇ ಅಪಾಯ. ಗಾಲಿ ಗರಗರ ಅಂತ ನಿಂತಲ್ಲೇ ತಿರುಗುತ್ತದೆ, ರೇಕ್ ಮಿಸುಕುವುದಿಲ್ಲ.

ನಮ್ಮ ಜೊತೆ ಆಗಾಗ ಬಂದು ಕೂರುವ ಹಿರಿಯರೊಬ್ಬರಿದ್ದಾರೆ. ಗೂಡ್ಸ್ ಗಾಡಿ ಓಡಿಸಿಯೇ ನಿವೃತ್ತರಾದವರು. ಒಮ್ಮೆ ಅವರನ್ನು ಕೇಳಿದೆ: “ಸರ್, ಆಲ್ಕೊದಾಗ ಗಾಲಿ ಜಾರಿದ್ರ ಏನ್ ಮಾಡ್ತಿದ್ರಿ?”

“ತಮ್ಮಾ, ಅದು ಕಿವಿಗೇ ಗೊತ್ತಾಗ್ತಿತ್ತು. ಎಂಜಿನ್ ದನಿನೇ ಬ್ಯಾರೆ ಆಗ್ತಿತ್ತು. ನಾಚ್, ಅಂದ್ರ ಶಕ್ತಿ ಏರಿಸೂ ಇಳಿಸೂ ಹಂತ, ಅದನ್ನ ಇಳಸಬೇಕು, ಹಳಿ ಮ್ಯಾಲೆ ಉಸುಕು ಬಿಡಬೇಕು, ಮತ್ತ ಸಾವಕಾಶ ಏರಸಬೇಕು. ಅವಸರ ಮಾಡಿದ್ಯೋ, ಮತ್ತ ಜಾರ್ತದ. ಮಳಿಗಾಲದಾಗ ಉಸುಕು ಒಣಗಿರಬೇಕು ನೋಡು, ಹಸಿ ಇದ್ರ ಪೈಪಿನಾಗ ಕಟ್ಟಿಕೊಂಡು ಕೆಳಗ ಇಳಿಯೂದ ಇಲ್ಲ.”

“ಜಿಎಂದಾಗ?”

“ಅದಕ್ಕ ನಮಗಿಂತ ಮೊದಲ ಗೊತ್ತಾಗ್ತದ.”

ಆ ಒಂದು ಮಾತಿನಲ್ಲಿ ಇಪ್ಪತ್ತು ಮೂವತ್ತು ವರ್ಷದ ತಂತ್ರಜ್ಞಾನ ಇದೆ. ಡಬ್ಲ್ಯುಡಿಜಿ-4 ನೆಲದ ಮೇಲಿನ ತನ್ನ ನಿಜವಾದ ವೇಗವನ್ನು ಅಳೆಯುವುದು ಕೆಳಗೆ ಕೂರಿಸಿದ ರೇಡಾರ್‌ನಿಂದ. ಗಾಲಿ ತಿರುಗುವ ವೇಗ ಅದಕ್ಕಿಂತ ಎಷ್ಟು ಹೆಚ್ಚು ಅಂತ ಕಂಪ್ಯೂಟರ್ ನೋಡುತ್ತಲೇ ಇರುತ್ತದೆ. ಗಾಲಿ ಚೂರು ಜಾರುತ್ತಾ ಎಳೆದಾಗಲೇ ಹಿಡಿತ ಜಾಸ್ತಿ. ಆ ಚೂರನ್ನು ಮೀರದ ಹಾಗೆ ಅದು ಮೋಟಾರಿಗೆ ಹೋಗುವ ಕರೆಂಟನ್ನು ಕ್ಷಣಕ್ಷಣಕ್ಕೂ ಸರಿ ಮಾಡುತ್ತದೆ. ಯಾವ ಕೈಯಿಂದಲೂ ಇಷ್ಟು ಬೇಗ ಆಗದ ಕೆಲಸ.

ಧೂಳು ಇನ್ನೊಂದು ಕಡೆಯೂ ಕಾಡುತ್ತದೆ. ಆಲ್ಕೊದಲ್ಲಿ, ವ್ಯಾಗ್-7ರಲ್ಲಿ ಇರುವುದು ಡಿಸಿ ಮೋಟಾರ್. ಅದರಲ್ಲಿ ತಾಮ್ರದ ಪಟ್ಟಿಗಳ ಕಮ್ಯುಟೇಟರ್, ಅದಕ್ಕೆ ಒರಗಿ ಉಜ್ಜುವ ಕಾರ್ಬನ್ ಬ್ರಷ್. ಅದಿರಿನ ಪುಡಿಯಲ್ಲಿ ಕಬ್ಬಿಣದ ಅಂಶವೇ ಹೆಚ್ಚು. ಅದು ಒಳಗೆ ಸೇರಿ, ಮೇಲೆ ತೇವ ಬಿದ್ದರೆ ಬ್ರಷ್ ಸುತ್ತ ಕಿಡಿ ಹಾರುತ್ತದೆ. ಜೊತೆಗೆ ಡಿಸಿ ಮೋಟಾರ್ ತುಂಬಾ ನಿಧಾನದಲ್ಲಿ, ತುಂಬಾ ಕರೆಂಟ್ ಎಳೆದುಕೊಂಡು ಬಹಳ ಹೊತ್ತು ದುಡಿಯಲಾರದು. ಬಿಸಿಯಾಗಿ ಸುಟ್ಟುಹೋಗುತ್ತದೆ. ಡಬ್ಲ್ಯುಡಿಜಿ-4, ವ್ಯಾಗ್-9 ಇವುಗಳ ಮೂರು ಫೇಸ್ ಮೋಟಾರಿನಲ್ಲಿ ಬ್ರಷ್ಷೂ ಇಲ್ಲ, ಕಮ್ಯುಟೇಟರೂ ಇಲ್ಲ. ನಮ್ಮ ಅದಿರಿನ ಸೈಡಿಂಗ್‌ಗಳಲ್ಲಿ ಆಮೆ ವೇಗದಲ್ಲಿ ಉಸಿರು ಹಿಡಿದು ಎಳೆಯುವ ಕೆಲಸಕ್ಕೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ ಅಂತ ನನ್ನ ಖಚಿತ ಅಭಿಪ್ರಾಯ.

ಇಷ್ಟು ಹೇಳಿದ ಮೇಲೂ ಆಲ್ಕೊ ಬಗ್ಗೆ ನಾಲ್ಕು ಮಾತು ಆಡದೆ ಇರಲಾರೆ. 1962ರಲ್ಲಿ ಅಮೆರಿಕದಿಂದ ಬಂದ ವಿನ್ಯಾಸ, ಆಮೇಲೆ ವಾರಾಣಸಿಯಲ್ಲಿ ನಮ್ಮವರೇ ದಶಕಗಟ್ಟಲೆ ಕಟ್ಟಿದರು. ಲೂಪ್ ಲೈನಿನಲ್ಲಿ, ಅಂದ್ರೆ ಬೇರೆ ಗಾಡಿಗೆ ದಾರಿ ಬಿಡಲು ಇರುವ ಪಕ್ಕದ ಹಳಿಯಲ್ಲಿ, ಬಹಳ ಹೊತ್ತು ನಿಂತ ಆಲ್ಕೊ ಹೊರಡುವುದನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ನಿಂತಾಗ ತಾಳ ತಪ್ಪಿದ ಹಾಗೆ ಒಂದು ಗುಡುಗುಡು. ಡ್ರೈವರ್ ನಾಚ್ ಏರಿಸಿದ ಕೂಡಲೇ ಕರಿ ಹೊಗೆ ಕಂಬದ ಹಾಗೆ ಎದ್ದು ನಿಲ್ಲುತ್ತದೆ. ಆಮೇಲೆ ಎಂಜಿನ್‌ಗೆ ಗಾಳಿ ನೂಕುವ ಟರ್ಬೊ ಸಿಳ್ಳೆ ಹಾಕುತ್ತಾ ಹೊಗೆ ತಿಳಿಯಾಗುತ್ತದೆ. ಅದಕ್ಕೆ ಕಾರಣವೂ ಇದೆ. ಆಲ್ಕೊದ ಟರ್ಬೊ ತಿರುಗುವುದು ಎಂಜಿನ್ ಬಿಟ್ಟ ಹೊಗೆಯ ಬಲದಿಂದಲೇ. ಹೊಗೆಗೆ ಬಲ ಬರುವ ತನಕ ಗಾಳಿ ಸಾಲದು, ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಜಿಎಂ ಎಂಜಿನ್ ಟೂ-ಸ್ಟ್ರೋಕ್. ಗಾಳಿ ಒಳಗೆ ನೂಕದಿದ್ದರೆ ಅದು ಸ್ಟಾರ್ಟೇ ಆಗುವುದಿಲ್ಲ. ಹಾಗಾಗಿ ಕಡಿಮೆ ನಾಚ್‌ನಲ್ಲಿ ಟರ್ಬೊವನ್ನು ಎಂಜಿನ್ನೇ ಗೇರ್ ಹಾಕಿ ತಿರುಗಿಸುತ್ತದೆ, ಹೊಗೆಗೆ ಬಲ ಬಂದ ಮೇಲೆ ಗೇರಿನ ಹಂಗು ತಪ್ಪುತ್ತದೆ. ಫೋಟೊ ತೆಗೆಯುವವರಿಗೆ ಬೇಸರ, ಹಳಿ ಪಕ್ಕದ ಮನೆಯವರಿಗೆ ಖುಷಿ.

ಈಗ ಎರಡನೇ ಪ್ರಶ್ನೆ, ಕೆಟ್ಟಾಗ ಏನು ಅನ್ನುವುದು. ಇಲ್ಲಿ ಹಳೇ ಎಂಜಿನ್ ಪರವಾಗಿ ವಾದಿಸುವವರ ಮಾತಿನಲ್ಲಿ ಹುರುಳಿದೆ. ಆಲ್ಕೊ ಕೆಡುತ್ತಿತ್ತು, ಆದರೆ ಡ್ರೈವರ್ ಕೈಗೆ ಸಿಗುವ ಹಾಗೆ ಕೆಡುತ್ತಿತ್ತು. ಲೂಬ್ ಎಣ್ಣೆಯ ಒತ್ತಡ ಕಡಿಮೆ ಆಗಿ ಎಂಜಿನ್ ನಿಂತರೆ, ಎಂಜಿನ್ ವೇಗ ನೋಡಿಕೊಳ್ಳುವ ಗವರ್ನರ್‌ನ ಒಂದು ಗುಂಡಿ ಹೊರಗೆ ಬಂದಿರುತ್ತದೆ. ಕಾರಣ ನೋಡಿ, ಎಣ್ಣೆ ಮಟ್ಟ ನೋಡಿ, ಅದನ್ನು ಒತ್ತಿ ಮತ್ತೆ ಸ್ಟಾರ್ಟ್ ಮಾಡಬಹುದು. ಕರೆಂಟ್ ಸೋರಿದ್ದನ್ನು ಹಿಡಿಯುವ ಗ್ರೌಂಡ್ ರಿಲೇ ಬಿದ್ದರೆ ಯಾವ ಮೋಟಾರಿನ ದೋಷ ಅಂತ ಹುಡುಕಿ ಅದನ್ನು ಬಿಡಿಸಿ, ಉಳಿದವುಗಳ ಮೇಲೆ ಹೊರಡಬಹುದು. ಹಳೇ ಕರೆಂಟ್ ಎಂಜಿನ್‌ಗಳ ಕತೆ ಇನ್ನೂ ಚೆಂದ. ಅಲ್ಲಿ ‘ಡಿಜೆ ಬಿತ್ತು’ ಅನ್ನುವುದೇ ಒಂದು ಭಾಷೆ. ದೊಡ್ಡ ಸರ್ಕಿಟ್ ಬ್ರೇಕರ್ ತೆರೆದುಕೊಂಡಿತು ಅಂತ ಅರ್ಥ. ಯಾವ ದೀಪ ಆರಿದೆ, ಯಾವುದು ಉರಿಯುತ್ತಿದೆ, ಯಾವ ರಿಲೇಯ ಕೆಂಪು ಟಾರ್ಗೆಟ್ ಕೆಳಗೆ ಬಿದ್ದಿದೆ ಅಂತ ನೋಡಿಕೊಂಡು ಡ್ರೈವರ್ ದೋಷ ಹಿಡಿಯಬೇಕು. ಅದಕ್ಕೆಂದೇ ಒಂದು ಪುಸ್ತಕ ಜೊತೆಗಿರುತ್ತದೆ. ಕೆಲವು ಸಂದರ್ಭದಲ್ಲಿ ನಿಯಮದ ಪ್ರಕಾರವೇ ಒಂದು ರಿಲೇಗೆ ಬೆಣೆ ಕೊಟ್ಟು ಗಾಡಿಯನ್ನು ಸೆಕ್ಷನ್‌ನಿಂದ ಪಾರು ಮಾಡುವುದೂ ಉಂಟು. ಅದನ್ನು ಹೇಳುವಾಗ ನಮ್ಮ ಹಿರಿಯರ ಮುಖ ಅರಳುತ್ತದೆ. ಅರಳಲೇಬೇಕು, ಅದು ಅವರು ಕಲಿತ ವಿದ್ಯೆ.

ಹೊಸ ಎಂಜಿನ್‌ಗಳು ಕೆಡುವುದು ಅಪರೂಪ. ಶೆಡ್‌ಗೆ ಹೋಗುವ ಸರದಿಯೂ ಆಲ್ಕೊಗಿಂತ ತಡವಾಗಿ ಬರುತ್ತದೆ. ಆದರೆ ಕೆಟ್ಟಾಗ ಕಣ್ಣಿಗೆ ಕಾಣುವುದು ಪರದೆ ಮೇಲಿನ ಎರಡು ಸಾಲು ಮಾತ್ರ. ಒಮ್ಮೆ ಒಂದು ಸಣ್ಣ ಸ್ಟೇಷನ್ನಿನ ಹೊರಗೆ ಕಲ್ಲಿದ್ದಲು ರೇಕ್ ಹೀಗೆ ನಿಂತಿದ್ದನ್ನು ಹತ್ತಿರದ ರಸ್ತೆಯಿಂದ ನೋಡಿದ್ದೇನೆ. ಎಂಜಿನ್ ಸದ್ದು ಸರಿಯಾಗಿಯೇ ಇತ್ತು, ಗಾಡಿ ಮಾತ್ರ ಕದಲುತ್ತಿರಲಿಲ್ಲ. ಅಸಿಸ್ಟೆಂಟ್ ಡ್ರೈವರ್ ಇಳಿದು ಎಂಜಿನ್ ಸುತ್ತ ಒಂದು ಸುತ್ತು ಬಂದರು. ಒಳಗಿದ್ದವರು ಫೋನಿನಲ್ಲಿ ಯಾರಿಗೋ ಸಂದೇಶ ಓದಿ ಹೇಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಎಂಜಿನ್ ಪೂರ್ತಿ ಬಂದ್ ಆಯಿತು, ಮತ್ತೆ ಸ್ಟಾರ್ಟ್ ಆಯಿತು. ಆಮೇಲೆ ರೇಕ್ ಮೆಲ್ಲಗೆ, ತುಂಬಾ ಮೆಲ್ಲಗೆ ಲೂಪ್ ಸೇರಿತು. ಹಿರಿಯರಿಗೆ ಹೇಳಿದರೆ, “ಒಂದು ಬೋಗಿ ಕಟ್ ಮಾಡಿ ಅರ್ಧದ ಮ್ಯಾಲೆ ತಂದಾರ” ಅಂದರು. ಇಲ್ಲಿ ಬೋಗಿ ಅಂದ್ರೆ ಡಬ್ಬಿ ಅಲ್ಲ, ಎಂಜಿನ್ ಕೆಳಗೆ ಮೂರು ಅಚ್ಚು ಕೂರಿಸಿದ ಚೌಕಟ್ಟು. ಮೊದಮೊದಲ ಡಬ್ಲ್ಯುಡಿಜಿ-4ಗಳಲ್ಲಿ ಒಂದು ಬೋಗಿಯ ಮೂರೂ ಮೋಟಾರಿಗೆ ಕರೆಂಟ್ ಹದ ಮಾಡಿ ಕೊಡಲು ಒಂದೇ ಇನ್ವರ್ಟರ್. ಅದು ಹೋದರೆ ಅರ್ಧ ಎಂಜಿನ್ ಹೋದ ಹಾಗೆ. ಆಲ್ಕೊದಲ್ಲಿ ಆಗುವಂತೆ ಕೆಟ್ಟ ಮೋಟಾರನ್ನಷ್ಟೇ ಬಿಡಿಸಿ ಹೋಗಲು ಬರುವುದಿಲ್ಲ.

ಆದರೂ ನನ್ನ ಓಟು ಹೊಸದಕ್ಕೇ. ಪದೇ ಪದೇ ಕೆಟ್ಟು ಡ್ರೈವರ್ ಜಾಣ್ಮೆಯಿಂದ ಎದ್ದು ಹೋಗುವುದಕ್ಕಿಂತ, ಕೆಡದೇ ಇರುವುದು ಆ ಡ್ರೈವರ್‌ಗೂ ಒಳ್ಳೆಯದು. ಬಳ್ಳಾರಿ ಬಿಸಿಲು ನಲವತ್ತು ದಾಟಿದ ಮಧ್ಯಾಹ್ನ ಆಲ್ಕೊದ ಕಾದ ಎಂಜಿನ್ ಪಕ್ಕ ಬಗ್ಗಿ ದೋಷ ಹುಡುಕುವ ಕಷ್ಟವನ್ನು, ದೂರ ನಿಂತು ಫೋಟೊ ತೆಗೆಯುವ ನಾವು ಸೊಗಸಾಗಿ ಬಣ್ಣಿಸಬಾರದು.

ಶೆಡ್‌ನ ವಿಷಯವನ್ನೂ ಮರೆಯಬಾರದು. ಒಂದೇ ಮಾದರಿಯ ಎರಡು ಎಂಜಿನ್, ಒಂದು ವರ್ಷಗಟ್ಟಲೆ ಚೆನ್ನಾಗಿ ಓಡುತ್ತದೆ, ಇನ್ನೊಂದು ದಾರಿಯಲ್ಲಿ ನಿಲ್ಲುತ್ತದೆ. ಗಾಳಿ ಫಿಲ್ಟರ್ ಹೊತ್ತಿಗೆ ಬದಲಾಯಿಸಿದರಾ, ಉಸುಕಿನ ಪೆಟ್ಟಿಗೆ ಒಣಗಿದೆಯಾ, ರೇಡಿಯೇಟರ್ ಧೂಳು ಹೊಡೆದರಾ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಮಾದರಿ ಮಾದರಿ ಹೋಲಿಸುವ ಚರ್ಚೆಯಲ್ಲಿ ಈ ಕೆಲಸ ಮಾಡುವವರು ಎಂದೂ ಬರುವುದಿಲ್ಲ. ನನಗೆ ಅದು ಬೇಸರದ ವಿಷಯ.

ಈಗ ನಮ್ಮ ದಾರಿಗಳ ಮೇಲೆಲ್ಲ ತಂತಿ ಬಂದಿದೆ. ತೋರಣಗಲ್ಲಿನ ಸುತ್ತಮುತ್ತ ವ್ಯಾಗ್-9 ಸಾಮಾನ್ಯ ನೋಟ. ಬ್ರೇಕ್ ಹಾಕಿದಾಗ ಕರೆಂಟನ್ನು ವಾಪಸ್ ತಂತಿಗೆ ಕೊಡುತ್ತದೆ, ಓಡುವ ಭಾಗಗಳು ಕಡಿಮೆ, ಎಣ್ಣೆ ತುಂಬಿಸುವ ಕೆಲಸ ಇಲ್ಲ. ಹಾಗಂತ ಡೀಸೆಲ್ ಎಂಜಿನ್‌ಗಳನ್ನು ಪೂರ್ತಿ ಗುಜರಿಗೆ ಹಾಕಬೇಕು ಅನ್ನುವವರ ಜೊತೆ ನಾನಿಲ್ಲ. ಅದಿರನ್ನು ಲೋಡರ್ ಬಕೆಟ್ಟಿನಲ್ಲಿ ಎತ್ತಿ ವ್ಯಾಗನ್ನಿಗೆ ಸುರಿಯುವ ಕಡೆ ಮೇಲೆ 25,000 ವೋಲ್ಟಿನ ತಂತಿ ಇರುವ ಹಾಗಿಲ್ಲ. ತಂತಿ ಆಚೆಯೇ ನಿಲ್ಲಬೇಕು, ಕೊನೆಯ ಸ್ವಲ್ಪ ದೂರಕ್ಕೆ ಡೀಸೆಲ್ಲೇ ಬೇಕು. ತಂತಿ ಹರಿದ ದಿನ ಒಂದು ಎಂಜಿನ್ ಅಲ್ಲ, ಆ ಸೆಕ್ಷನ್ನಿನ ಎಲ್ಲ ಎಂಜಿನ್‌ಗಳೂ ಒಟ್ಟಿಗೆ ನಿಲ್ಲುತ್ತವೆ. ಅಂಥ ದಿನ ರಿಪೇರಿ ಗಾಡಿ ಎಳೆದುಕೊಂಡು ಬರಲು ಯಾರ ಹಂಗೂ ಇಲ್ಲದ ಒಂದು ಎಂಜಿನ್ ಬೇಕು. ಒಳ್ಳೆ ಸ್ಥಿತಿಯಲ್ಲಿರುವ ಕೆಲವು ಡಬ್ಲ್ಯುಡಿಜಿ-4ಗಳನ್ನು ಆ ಕೆಲಸಕ್ಕೆ ಕಾಪಾಡಿಕೊಳ್ಳುವುದರಲ್ಲಿ ನಷ್ಟವೇನಿಲ್ಲ.

ನಮ್ಮ ಗುಂಪಿನಲ್ಲಿ ಈಗ ನಡೆದಿರುವುದು ದಾಹೋದ್ ಎಂಜಿನ್ ಮಾತು. ಸೀಮೆನ್ಸ್ ಜೊತೆ 2023ರಲ್ಲಿ ಒಪ್ಪಂದ ಆಗಿ, ಗುಜರಾತಿನ ದಾಹೋದ್ ಕಾರ್ಖಾನೆಯಿಂದ 2025ರಲ್ಲಿ ಮೊದಲನೆಯದು ಹೊರಬಂತು. 9,000 ಹಾರ್ಸ್‌ಪವರ್, ಒಟ್ಟು 1,200 ಎಂಜಿನ್ ಕಟ್ಟುತ್ತಾರೆ. ಹುಡುಗರು ಈಗಾಗಲೇ ಅದನ್ನು ಪಟ್ಟಿಯಲ್ಲಿ ವ್ಯಾಗ್-9ರ ಮೇಲೆ, ವ್ಯಾಗ್-12ರ ಕೆಳಗೆ ಬರೆದುಕೊಂಡಿದ್ದಾರೆ. ನಾನು ಈಗಲೇ ಜಾಗ ಕೊಡಲಾರೆ. ಜೋಡಿ ವ್ಯಾಗ್-9 ಕಟ್ಟಿದರೆ ಒಂದು ಕೆಟ್ಟರೂ ಇನ್ನೊಂದು ರೇಕನ್ನು ಲೂಪಿಗೆ ಎಳೆದು ತರುತ್ತದೆ. ವ್ಯಾಗ್-12 ಕೂಡ ಎರಡು ಭಾಗ ಸೇರಿಸಿ ಮಾಡಿದ ಎಂಜಿನ್ನೇ. ಎಂಟು ಅಚ್ಚಿನ ಮೇಲೆ 180 ಟನ್. 9,000ದ್ದು ಒಂಟಿಯಾಗಿ ಬರುತ್ತದೆ. ಹಾಗಾಗಿ ಒಂದು ಮೋಟಾರ್ ಹೋದರೆ ಉಳಿದವು ಎಷ್ಟು ಎಳೆಯುತ್ತವೆ, ಡ್ರೈವರ್ ಅದನ್ನು ಎಷ್ಟು ನಿಮಿಷದಲ್ಲಿ ಬಿಡಿಸಬಹುದು, ಮತ್ತೆ ಸಂಡೂರು ಕಡೆಯ ಯಾವುದಾದರೂ ಸೈಡಿಂಗ್‌ನಲ್ಲಿ ಅರೆ ಮಳೆಯ ದಿನ 58 ವ್ಯಾಗನ್ ಹಿಡಿದು ಅದು ಹೇಗೆ ಹೊರಡುತ್ತದೆ, ಇಷ್ಟು ನೋಡಬೇಕು. ಹಿರಿಯರಿಗೂ ಇದನ್ನೇ ಹೇಳಿದೆ. “ಅದ ಸರಿ, ಆದ್ರ ಉಸುಕಿನ ಪೆಟ್ಟಿಗಿ ಎಲ್ಲಿ ಇಟ್ಟಾರ ಅದನ್ನೂ ನೋಡಿಕೊಂಡು ಬಾ” ಅಂದರು.